ಕ್ಯಾಮೆರಾ ಕಲಿಯೋಣ ಬನ್ನಿ: ಲೆನ್ಸಿನಿಂದ ಮೆಮೊರಿ ಕಾರ್ಡಿನವರೆಗೆ ಭಾಗಗಳು, ಪದಗಳು, ಅಂಕಿಗಳು

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ನಿಂತರೆ ಯಾರಾದರೂ ಒಬ್ಬರು ಬಂದು ಕೇಳೇ ಕೇಳುತ್ತಾರೆ: "ಅಣ್ಣಾರ, ಎಷ್ಟ್ ಮೆಗಾಪಿಕ್ಸೆಲ್ ಐತ್ರೀ ಇದು?" ಅವರದೇನೂ ತಪ್ಪಿಲ್ಲ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣೋದು ಅದೊಂದೇ ಅಂಕಿ. ಆದರೆ ಕ್ಯಾಮೆರಾ ಮೈಮೇಲೆ ಅದಕ್ಕಿಂತ ಉಪಯೋಗಕ್ಕೆ ಬರುವ ಅಂಕಿಗಳು ಬೇಕಾದಷ್ಟಿವೆ. ಅವನ್ನು ಓದೋಕೆ ಬಂದರೆ ಫೋಟೋಗ್ರಫಿಯ ಅರ್ಧ ಪದಗಳು ಗೊತ್ತಾದ ಹಾಗೆಯೇ.

ಪದಗಳ ಪಟ್ಟಿ ಮಾಡಿ ಬಾಯಿಪಾಠ ಮಾಡಬೇಡಿ. ಎರಡು ದಿನಕ್ಕೆ ಮರೆತುಹೋಗುತ್ತದೆ. ಬೆಳಕು ಕ್ಯಾಮೆರಾ ಒಳಗೆ ಹೋಗುವ ದಾರಿ ಹಿಡಿದು ನಾವೂ ಹೋಗೋಣ. ಮೊದಲು ಲೆನ್ಸು, ಅದರ ಹೊಟ್ಟೆಯಲ್ಲಿ ಅಪರ್ಚರ್, ಅದರ ಹಿಂದೆ ಶಟರ್, ಆಮೇಲೆ ಸೆನ್ಸರ್, ಕೊನೆಗೆ ಕಾರ್ಡು. ಯಾವ ಭಾಗ ಎಲ್ಲಿದೆ ಅಂತ ಗೊತ್ತಾದರೆ ಅದರ ಕೆಲಸ ಏನು ಅಂತ ಬೇರೆ ಹೇಳಬೇಕಾಗೋದಿಲ್ಲ. ಕ್ಯಾಮೆರಾ ಪಕ್ಕದಲ್ಲಿಟ್ಟುಕೊಂಡು ಓದಿ. ಮೊಬೈಲ್ ಮಾತ್ರ ಇದ್ದರೂ ಓದಿ, ಅಲ್ಲೂ ಇದೇ ಲೆಕ್ಕ. ಬಹುತೇಕ ಮೊಬೈಲ್‌ಗಳಲ್ಲಿ ಅಪರ್ಚರ್ ಬದಲಾಯಿಸೋಕೆ ಬರೋದಿಲ್ಲ, ಅಷ್ಟೇ.

1. ಲೆನ್ಸಿನ ಮೇಲೆ ಏನು ಬರೆದಿದೆ ನೋಡಿ

ಲೆನ್ಸಿನ ಮೂತಿಯ ಸುತ್ತ ಸಣ್ಣ ಅಕ್ಷರದಲ್ಲಿ ಏನೋ ಬರೆದಿರುತ್ತದೆ. ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್ ಆಗಿದ್ದರೆ ಹೆಚ್ಚಾಗಿ '18-55 ಎಂಎಂ' ಅಂತ ಒಂದು, '1:3.5-5.6' ಅಂತ ಇನ್ನೊಂದು. ಮೊದಲನೆಯದು ಫೋಕಲ್ ಲೆಂಗ್ತ್. ಎದುರಿನ ದೃಶ್ಯ ಎಷ್ಟು ಅಗಲ ಕಾಣುತ್ತದೆ, ದೂರದ್ದು ಎಷ್ಟು ದೊಡ್ಡದಾಗಿ ಬರುತ್ತದೆ ಅನ್ನೋದನ್ನು ಅದು ಹೇಳುತ್ತದೆ. ಎರಡನೆಯದು ಆ ಲೆನ್ಸ್ ಗರಿಷ್ಠ ಎಷ್ಟು ಬಾಯಿ ತೆರೆಯಬಲ್ಲದು ಅನ್ನೋದು. 18ರಲ್ಲಿದ್ದಾಗ 3.5, ಜೂಮ್ ಮಾಡಿ 55ಕ್ಕೆ ಬಂದಾಗ 5.6. ಅಂದರೆ ಜೂಮ್ ಮಾಡುತ್ತಾ ಹೋದ ಹಾಗೆ ಒಳಗೆ ಬರುವ ಬೆಳಕು ಕಡಿಮೆಯಾಗುತ್ತದೆ. ಸಂಜೆ ಹೊತ್ತು ಜೂಮ್ ಮಾಡಿದ ಫೋಟೋಗಳೇ ಯಾಕೆ ಶೇಕ್ ಆಗಿರುತ್ತವೆ ಅನ್ನೋದಕ್ಕೆ ಇಲ್ಲೇ ಒಂದು ಕಾರಣ ಸಿಕ್ಕಿತು ನೋಡಿ.

ಸೊನ್ನೆಗೆ ಓರೆ ಗೆರೆ ಎಳೆದ ಹಾಗಿನ ಗುರುತಿನ ಪಕ್ಕ 55 ಅಥವಾ 58 ಅಂತ ಇದ್ದರೆ ಅದು ಫಿಲ್ಟರ್ ಅಳತೆ. ಯುವಿ ಫಿಲ್ಟರ್ ಕೊಳ್ಳೋಕೆ ಹೋದಾಗ ಅಂಗಡಿಯಲ್ಲಿ ಕೇಳೋದು ಇದನ್ನೇ. ಫೋಕಲ್ ಲೆಂಗ್ತ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ, ಎರಡೂ ಎಂಎಂ ಲೆಕ್ಕದಲ್ಲೇ ಇರುತ್ತವೆ. ಕ್ಯಾನನ್‌ನಲ್ಲಿ ಐಎಸ್, ನಿಕಾನ್‌ನಲ್ಲಿ ವಿಆರ್, ಸೋನಿಯಲ್ಲಿ ಓಎಸ್‌ಎಸ್ ಅಂತ ಬರೆದಿರೋದು ಕೈ ನಡುಗಿದರೆ ಸರಿಪಡಿಸುವ ವ್ಯವಸ್ಥೆಗೆ. ಅದು ನಿಮ್ಮ ಕೈ ನಡುಕವನ್ನು ಮಾತ್ರ ಹಿಡಿಯುತ್ತದೆ. ಕರಿ ಹರಿಯುವ ದಿನ ಓಡೋ ಎತ್ತನ್ನು ಅದು ನಿಲ್ಲಿಸಲಾರದು.

ಪಕ್ಕದಲ್ಲಿ ಎಎಫ್, ಎಂಎಫ್ ಅಂತ ಒಂದು ಸ್ವಿಚ್ ಇರಬಹುದು. ಎಎಫ್ ಅಂದರೆ ಕ್ಯಾಮೆರಾನೇ ಫೋಕಸ್ ಮಾಡುತ್ತದೆ, ಎಂಎಫ್ ಅಂದರೆ ನೀವು ರಿಂಗ್ ತಿರುಗಿಸಬೇಕು. "ಕ್ಯಾಮೆರಾ ಕೆಟ್ಟೋಗಿದೆ, ಫೋಕಸ್ಸೇ ಆಗ್ತಿಲ್ಲ" ಅಂತ ರಿಪೇರಿಗೆ ಓಡುವ ಮೊದಲು ಈ ಸ್ವಿಚ್ ನೋಡಿ. ಬ್ಯಾಗಿನಿಂದ ತೆಗೆಯುವಾಗ ಅದು ಎಷ್ಟೋ ಸಲ ತಾನೇ ಸರಿದಿರುತ್ತದೆ.

2. ಫೋಕಲ್ ಲೆಂಗ್ತ್: ಎಷ್ಟು ಅಗಲ, ಎಷ್ಟು ದೂರ

ಗದಗದಿಂದ ಹತ್ತಿರದ ಲಕ್ಕುಂಡಿಗೆ ಹೋಗಿ. ಇದನ್ನು ಕಲಿಯೋಕೆ ನಮ್ಮ ಕಡೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯ ಅಂಚಿಗೆ ನಿಂತು ಮೊದಲು 18ರಲ್ಲಿ ಒಂದು ಫೋಟೋ ತೆಗೆಯಿರಿ. ಮೆಟ್ಟಿಲು, ಗೋಡೆ, ನೀರು ಎಲ್ಲಾ ಒಂದೇ ಚೌಕಟ್ಟಿಗೆ ಬರುತ್ತದೆ. ಇದು ವೈಡ್. ನಿಂತ ಜಾಗ ಬಿಡದೆ 55ಕ್ಕೆ ಜೂಮ್ ಮಾಡಿ. ಈಗ ಗೋಡೆಯಲ್ಲಿರುವ ಒಂದು ಗೂಡು ಮಾತ್ರ ಕಾಣಬಹುದು. 35ರ ಆಸುಪಾಸಿನಲ್ಲಿ ನೋಡಿದರೆ ಬರಿಗಣ್ಣಿಗೆ ಕಂಡ ಹಾಗೆಯೇ ಅನಿಸುತ್ತದೆ. ಅದನ್ನು ನಾರ್ಮಲ್ ಅನ್ನುತ್ತಾರೆ. 70, 200, 300 ಇವೆಲ್ಲಾ ಟೆಲಿಫೋಟೋ. ಹೀಗೆ ಜೂಮ್ ಆಗದೆ ಒಂದೇ ಅಂಕಿ ಇರುವ ಲೆನ್ಸಿಗೆ ಪ್ರೈಮ್ ಅಂತ ಹೆಸರು. 50 ಎಂಎಂ 1.8 ಇದರಲ್ಲಿ ಎಲ್ಲರಿಗೂ ಗೊತ್ತಿರುವ, ಕಡಿಮೆ ಬೆಲೆಯ ಲೆನ್ಸ್.

ಟೆಲಿಫೋಟೋ ಯಾಕೆ ಬೇಕು ಅಂತ ತಿಳಿಯಬೇಕಾದರೆ ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಕೆರೆ ಅದು. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ಹಿಂಡು ಹಿಂಡಾಗಿ ಕೂತಿರುತ್ತವೆ, ಆದರೆ ದೂರದಲ್ಲಿ. ಕಿಟ್ ಲೆನ್ಸಿನಲ್ಲಿ ಅವು ಚುಕ್ಕೆಗಳಾಗಿಯೇ ಬರೋದು. ಹತ್ತಿರ ಹೋಗಿ ಎಬ್ಬಿಸಿ ಹಾರಿಸಿ ಫೋಟೋ ಹೊಡೆಯೋರನ್ನು ನೋಡಿದರೆ ಸಿಟ್ಟು ಬರುತ್ತದೆ. 300 ಎಂಎಂ ಇಲ್ಲದಿದ್ದರೆ ಸುಮ್ನೆ ಕೂತು ನೋಡಿ ಬನ್ನಿ.

ಇನ್ನೊಂದು ಮಾತು. ಜೂಮ್ ಮಾಡೋದೂ ನಡೆದು ಹತ್ತಿರ ಹೋಗೋದೂ ಒಂದೇ ಅಲ್ಲ. ಅಜ್ಜಿಯ ಮುಖವನ್ನು 18ರಲ್ಲಿ ತೀರಾ ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಹೋದ ಹಾಗೆ ಬರುತ್ತದೆ. ಆರೇಳು ಅಡಿ ದೂರ ನಿಂತು 55ರಲ್ಲಿ ತೆಗೆಯಿರಿ, ಮುಖ ಮುಖದ ಹಾಗೆಯೇ ಇರುತ್ತದೆ. ಇದು ನಿಜವಾಗಿ ದೂರದ ಆಟ. ಲೆನ್ಸು ಆ ದೂರದಲ್ಲಿ ನಿಲ್ಲೋಕೆ ಅನುಕೂಲ ಮಾಡಿಕೊಡುತ್ತದೆ, ಅಷ್ಟೇ. ಗೋಪುರವನ್ನೋ ಶಿಖರವನ್ನೋ ವೈಡ್‌ನಲ್ಲಿ ತಲೆ ಎತ್ತಿ ತೆಗೆದರೆ ಅದು ಹಿಂದಕ್ಕೆ ವಾಲಿದ ಹಾಗೆ ಕಾಣುತ್ತದೆ. ಕ್ಯಾಮೆರಾ ನೆಟ್ಟಗೆ ಹಿಡಿದು, ಸ್ವಲ್ಪ ಹಿಂದೆ ಸರಿದು ತೆಗೆದರೆ ಸರಿಹೋಗುತ್ತದೆ.

3. ಅಪರ್ಚರ್: ಉಲ್ಟಾ ಲೆಕ್ಕದ ಅಂಕಿ

ಲೆನ್ಸಿನ ಒಳಗೆ ತೆಳುವಾದ ಎಲೆಗಳ ಒಂದು ಸುತ್ತು ಇರುತ್ತದೆ. ಅವು ಮುಚ್ಚಿ ತೆರೆದು ನಡುವೆ ಒಂದು ತೂತು ಮಾಡುತ್ತವೆ. ಅದೇ ಅಪರ್ಚರ್. ಅದರ ಅಂಕಿಯನ್ನು ಎಫ್ ಹಚ್ಚಿ ಹೇಳುತ್ತಾರೆ: ಎಫ್ 2.8, ಎಫ್ 8, ಎಫ್ 16. ಹೊಸಬರೆಲ್ಲಾ ಎಡವೋದು ಇಲ್ಲೇ. ಅಂಕಿ ದೊಡ್ಡದಾದರೆ ತೂತು ಚಿಕ್ಕದು, ಅಂಕಿ ಚಿಕ್ಕದಾದರೆ ತೂತು ದೊಡ್ಡದು. ಯಾಕೆ ಉಲ್ಟಾ? ಫೋಕಲ್ ಲೆಂಗ್ತನ್ನು ತೂತಿನ ಅಗಲದಿಂದ ಭಾಗಿಸಿದಾಗ ಬರುವ ಅಂಕಿ ಅದು. 50 ಎಂಎಂ ಲೆನ್ಸಿನಲ್ಲಿ ತೂತು 25 ಎಂಎಂ ಇದ್ದರೆ 50ನ್ನು 25ರಿಂದ ಭಾಗಿಸಿ, ಎಫ್ 2. ತೂತು 6 ಎಂಎಂಗೆ ಇಳಿದರೆ ಹೆಚ್ಚೂಕಡಿಮೆ ಎಫ್ 8. ಭಾಗಾಕಾರ ಗೊತ್ತಿದ್ದರೆ ಇದನ್ನು ಮರೆಯೋಕೆ ಸಾಧ್ಯವೇ ಇಲ್ಲ.

ಸಾಲಾಗಿ ಬರೆದರೆ ಅಂಕಿಗಳು ಹೀಗೆ: 1.4, 2, 2.8, 4, 5.6, 8, 11, 16, 22. ಒಂದೊಂದು ಮೆಟ್ಟಿಲು ಮುಂದೆ ಹೋದ ಹಾಗೆ ಬೆಳಕು ಸರಿಯಾಗಿ ಅರ್ಧ ಆಗುತ್ತದೆ. ಈ ಒಂದು ಮೆಟ್ಟಿಲಿಗೆ ಸ್ಟಾಪ್ ಅನ್ನುತ್ತಾರೆ. ಇದೊಂದು ಪದ ಗಟ್ಟಿ ಮಾಡಿಕೊಳ್ಳಿ, ಮುಂದೆ ಎಲ್ಲಾ ಕಡೆ ಬರುತ್ತದೆ. ಡಯಲ್ ತಿರುಗಿಸಿದಾಗ ನಡುವೆ 6.3, 7.1 ಇಂಥ ಅಂಕಿಗಳೂ ಕಾಣುತ್ತವೆ. ಅವು ಸ್ಟಾಪಿನ ಮೂರನೇ ಒಂದು ಭಾಗಗಳು.

ಅಪರ್ಚರ್‌ಗೆ ಬೆಳಕು ಅಳೆಯೋದರ ಜೊತೆಗೆ ಇನ್ನೊಂದು ಕೆಲಸ ಇದೆ, ಜನ ಇಷ್ಟಪಡೋದು ಅದನ್ನೇ. ಡೆಪ್ತ್ ಆಫ್ ಫೀಲ್ಡ್, ಅಂದರೆ ಫೋಕಸ್ ಆದ ವಸ್ತುವಿನ ಹಿಂದೆ ಮುಂದೆ ಎಷ್ಟು ದೂರದವರೆಗೆ ಸ್ಪಷ್ಟವಾಗಿ ಕಾಣುತ್ತದೆ ಅನ್ನೋದು. ಇದನ್ನು ಓದಿ ತಿಳಿಯೋದಕ್ಕಿಂತ ಮಾಡಿ ನೋಡಿ. ಐದು ಧಾರವಾಡ ಪೇಡೆ ತನ್ನಿ. ಮೇಜಿನ ಮೇಲೆ ನಿಮ್ಮಿಂದ ದೂರಕ್ಕೆ ಹೋಗುವ ಹಾಗೆ, ಗೇಣು ಗೇಣು ಬಿಟ್ಟು ಸಾಲಾಗಿ ಇಡಿ. ಕ್ಯಾಮೆರಾ ಮೇಲಿನ ಮೋಡ್ ಡಯಲನ್ನು 'ಎ' ಅಕ್ಷರಕ್ಕೆ ತಿರುಗಿಸಿ, ಕ್ಯಾನನ್ ಆದರೆ 'ಎವಿ'. 55ಕ್ಕೆ ಜೂಮ್ ಮಾಡಿ, ಮೇಜಿನ ಮಟ್ಟಕ್ಕೆ ಬಗ್ಗಿ, ಎರಡನೇ ಪೇಡೆಗೆ ಫೋಕಸ್ ಮಾಡಿ. ಎಫ್ 5.6ರಲ್ಲಿ ಒಂದು, ಎಫ್ 16ರಲ್ಲಿ ಇನ್ನೊಂದು ತೆಗೆಯಿರಿ. ಎಫ್ 16ರಲ್ಲಿ ಶಟರ್ ನಿಧಾನ ಆಗುತ್ತದೆ, ಹಾಗಾಗಿ ಕ್ಯಾಮೆರಾವನ್ನು ಪುಸ್ತಕದ ಮೇಲೆ ಇಟ್ಟು ಟೈಮರ್ ಹಾಕಿ. ಎರಡೂ ಫೋಟೋ ಪಕ್ಕ ಪಕ್ಕ ಇಟ್ಟು ನೋಡಿ. ಆಮೇಲೆ ಇನ್ನೂ ಹತ್ತಿರ ಹೋಗಿ ಮತ್ತೆ ಎಫ್ 5.6ರಲ್ಲೇ ತೆಗೆಯಿರಿ. ಹಿಂದಿನವು ಇನ್ನೂ ಜಾಸ್ತಿ ಬ್ಲರ್ ಆಗುತ್ತವೆ. ಅಂದರೆ ಬ್ಲರ್ ಬರೋದು ಅಪರ್ಚರ್ ಒಂದರಿಂದಲೇ ಅಲ್ಲ. ಎಷ್ಟು ಹತ್ತಿರ ಇದ್ದೀರಿ, ಎಷ್ಟು ಜೂಮ್ ಇದೆ ಅನ್ನೋದರ ಪಾಲೂ ಅಷ್ಟೇ ಇದೆ. ಪರೀಕ್ಷೆ ಮುಗಿದ ಮೇಲೆ ಪೇಡೆ ಏನು ಮಾಡಬೇಕು ಅಂತ ನಾನು ಹೇಳಬೇಕಾಗಿಲ್ಲ.

ಈಗಿನ ಹುಡುಗರಿಗೆ ಬ್ಯಾಕ್‌ಗ್ರೌಂಡ್ ಬ್ಲರ್ ಹುಚ್ಚು ಜಾಸ್ತಿ. ಲಕ್ಕುಂಡಿಗೆ ಹೋಗಿ, ಕಾಶಿ ವಿಶ್ವೇಶ್ವರ ಗುಡಿಯ ಮುಂದೆ ಗೆಳೆಯನನ್ನು ನಿಲ್ಲಿಸಿ, ಎಫ್ 1.8ರಲ್ಲಿ ಗುಡಿಯನ್ನೇ ಅಳಿಸಿಹಾಕುತ್ತಾರೆ. ಹಾಗಾದರೆ ಅಲ್ಲಿವರೆಗೆ ಯಾಕೆ ಹೋಗಬೇಕಿತ್ತು? ಮನೆ ಗೋಡೆ ಸಾಕಿತ್ತಲ್ವಾ? ಕೆತ್ತನೆ, ಗುಡಿ, ಬಯಲು ತೆಗೆಯುವಾಗ ಎಫ್ 8ರ ಸುತ್ತಮುತ್ತ ಇಡಿ. ಹಾಗಂತ ಎಲ್ಲಾ ಸ್ಪಷ್ಟ ಬರಲಿ ಅಂತ ಎಫ್ 22ಕ್ಕೂ ಹೋಗಬೇಡಿ. ತೂತು ತೀರಾ ಚಿಕ್ಕದಾದರೆ ಅದರ ಅಂಚಿನಲ್ಲಿ ಬೆಳಕು ಚದುರಿ ಇಡೀ ಫೋಟೋನೇ ಸ್ವಲ್ಪ ಮಂದ ಆಗುತ್ತದೆ. ಅದಕ್ಕೆ ಡಿಫ್ರಾಕ್ಷನ್ ಅಂತ ಹೆಸರು.

4. ಶಟರ್: ಎಷ್ಟು ಹೊತ್ತು

ಲೆನ್ಸ್ ದಾಟಿದ ಬೆಳಕು ಕ್ಯಾಮೆರಾ ಬಾಡಿಯೊಳಗೆ ಬಂತು. ಡಿಎಸ್‌ಎಲ್‌ಆರ್ ಆಗಿದ್ದರೆ ಅಲ್ಲೊಂದು ಓರೆ ಕನ್ನಡಿ ಇರುತ್ತದೆ. ಬೆಳಕನ್ನು ಮೇಲಕ್ಕೆ ತಿರುಗಿಸಿ, ನಾವು ಕಣ್ಣಿಟ್ಟು ನೋಡುವ ವ್ಯೂಫೈಂಡರ್‌ಗೆ ಕಳಿಸೋದು ಅದೇ. ಕ್ಲಿಕ್ ಮಾಡಿದಾಗ ಟಕ್ ಅಂತ ಎದ್ದು ದಾರಿ ಬಿಡುತ್ತದೆ. ಆ ಕನ್ನಡಿಯನ್ನೇ ತೆಗೆದುಹಾಕಿದ್ದು ಮಿರರ್‌ಲೆಸ್. ಅದರಲ್ಲಿ ಕಣ್ಣಿಟ್ಟು ನೋಡೋದು ಒಂದು ಪುಟ್ಟ ಪರದೆಯನ್ನು. ಫೋಟೋ ಎಷ್ಟು ಬೆಳ್ಳಗೆ ಬರುತ್ತದೆ ಅಂತ ಕ್ಲಿಕ್ ಮಾಡುವ ಮೊದಲೇ ಅಲ್ಲಿ ಕಾಣುತ್ತದೆ. ಕಲಿಯೋರಿಗೆ ಇದು ದೊಡ್ಡ ಅನುಕೂಲ.

ಕನ್ನಡಿಯ ಹಿಂದೆ, ಸೆನ್ಸರ್‌ಗೆ ಅಂಟಿಕೊಂಡ ಹಾಗೆ, ಶಟರ್‌ನ ಎರಡು ಪರದೆಗಳು. ಮೊದಲನೆಯದು ಸರಿದು ಸೆನ್ಸರ್ ತೆರೆಯುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. ನಡುವಿನ ಹೊತ್ತೇ ಶಟರ್ ಸ್ಪೀಡ್: 1/30, 1/60, 1/125, 1/250, 1/500, 1/1000 ಸೆಕೆಂಡು. ಇಲ್ಲೂ ಒಂದೊಂದು ಮೆಟ್ಟಿಲು ಒಂದೊಂದು ಸ್ಟಾಪ್. ಪರದೆ ಮೇಲೆ ಬರೀ 250 ಅಂತ ತೋರಿಸಿದರೆ ಅದು 1/250 ಅಂತ ತಿಳಿಯಿರಿ. ಅಂಕಿಯ ಪಕ್ಕ ಎರಡು ಚಿಕ್ಕ ಗೆರೆ ಇದ್ದರೆ ಮಾತ್ರ ಪೂರ್ತಿ ಸೆಕೆಂಡು.

ಎಲ್ಲಿ ಎಷ್ಟು ಇಡಬೇಕು? ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಜಿಂಕೆ ನೆಗೆಯೋದನ್ನು ಹಿಡಿಯಬೇಕಾದರೆ 1/1000 ಅಥವಾ ಅದಕ್ಕಿಂತ ವೇಗ ಬೇಕು. ನಡೆಯುವ ಜನಕ್ಕೆ 1/250 ಸಾಕು. ಹುಬ್ಬಳ್ಳಿ ರೈಲು ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್‌ನಲ್ಲಿ ಜನ ಸ್ಪಷ್ಟವಾಗಿ ನಿಂತಿರಬೇಕು, ಹಿಂದೆ ರೈಲು ಗೆರೆಗಳಾಗಿ ಹರಿಯಬೇಕು ಅಂದರೆ 1/15ರ ಆಸುಪಾಸು, ಕ್ಯಾಮೆರಾ ಎಲ್ಲಾದರೂ ಒರಗಿಸಿ. ಕೈಯಲ್ಲಿ ಹಿಡಿದು ತೆಗೆಯೋಕೆ ಹಳೇ ಲೆಕ್ಕ ಒಂದಿದೆ. ಫೋಕಲ್ ಲೆಂಗ್ತ್ ಎಷ್ಟೋ ಅದನ್ನೇ ಕೆಳಗೆ ಬರೆಯಿರಿ. 200 ಎಂಎಂ ಆದರೆ ಕನಿಷ್ಠ 1/200. ಚಿಕ್ಕ ಸೆನ್ಸರ್ ಕ್ಯಾಮೆರಾದಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಇಡಿ, 1/320.

ಫೋಟೋ ಸ್ಪಷ್ಟ ಬಂದಿಲ್ಲ ಅಂದ ಕೂಡಲೇ ಎಲ್ಲರೂ "ಬ್ಲರ್ ಆಗಿದೆ" ಅಂದುಬಿಡುತ್ತಾರೆ. ಅದರಲ್ಲಿ ಮೂರು ಜಾತಿ ಇದೆ, ಮೂರಕ್ಕೂ ಮದ್ದು ಬೇರೆ ಬೇರೆ. ಫೋಟೋ ಹಿಗ್ಗಿಸಿ ನೋಡಿ. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಕೈ ನಡುಗಿದೆ. ಗೋಡೆ ಸ್ಪಷ್ಟ, ಮಗು ಮಾತ್ರ ಅಳಿಸಿದ ಹಾಗಿದ್ದರೆ ಮಗು ಅಲುಗಾಡಿದೆ, ಶಟರ್ ವೇಗ ಸಾಲಲಿಲ್ಲ. ಮಗುವಿನ ಹಿಂದಿನ ಬಾಗಿಲು ಸ್ಪಷ್ಟ, ಮಗು ಮೆತ್ತಗೆ ಮಸುಕಾಗಿದ್ದರೆ ಫೋಕಸ್ ತಪ್ಪಿದೆ. ಯಾವುದು ಅಂತ ಗುರುತಿಸದೆ ಹೊಸ ಲೆನ್ಸ್ ಕೊಂಡರೆ ದುಡ್ಡು ದಂಡ.

ಕಲ್ಯಾಣ ಮಂಟಪದಲ್ಲಿ ಫೋಟೋ ತೆಗೆಯೋರಿಗೆ ಇನ್ನೊಂದು ಕಾಟ. ಫೋಟೋದಲ್ಲಿ ಕಪ್ಪು ಬಿಳುಪು ಪಟ್ಟೆಗಳು ಬರುತ್ತವೆ, ಇಲ್ಲವೇ ಒಂದು ಫೋಟೋ ಬೆಳ್ಳಗೆ, ಮುಂದಿನದು ಕತ್ತಲೆ. ಕ್ಯಾಮೆರಾ ಕೆಟ್ಟಿಲ್ಲ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಹಾಗಾಗಿ ಎಷ್ಟೋ ಟ್ಯೂಬ್‌ಲೈಟು, ಎಲ್ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣೋದಿಲ್ಲ, ವೇಗದ ಶಟರ್‌ಗೆ ಸಿಕ್ಕಿಬೀಳುತ್ತದೆ. 1/100 ಅಥವಾ 1/50 ಇಟ್ಟರೆ ಹೆಚ್ಚಾಗಿ ಸರಿಹೋಗುತ್ತದೆ. ಮಿರರ್‌ಲೆಸ್‌ನಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿದ್ದರೆ ಮೆಕ್ಯಾನಿಕಲ್‌ಗೆ ಬದಲಾಯಿಸಿ.

ಫ್ಲ್ಯಾಷ್ ಹಾಕಿದಾಗ ಫೋಟೋದ ಒಂದು ಭಾಗ ಕಪ್ಪು ಬಂದರೆ ಅದು ಸಿಂಕ್ ಸ್ಪೀಡ್ ತೊಂದರೆ. ತುಂಬಾ ಕ್ಯಾಮೆರಾಗಳಲ್ಲಿ ಅದು 1/200ರ ಸುಮಾರು. ಅದಕ್ಕಿಂತ ವೇಗವಾದರೆ ಮೊದಲ ಪರದೆ ಪೂರ್ತಿ ಸರಿಯುವ ಮುಂಚೆಯೇ ಎರಡನೆಯದು ಹೊರಟಿರುತ್ತದೆ. ಫ್ಲ್ಯಾಷ್ ಬೆಳಕು ಆ ಸಂದಿಯಲ್ಲಿ ಕಂಡಷ್ಟು ಭಾಗಕ್ಕೆ ಮಾತ್ರ ಬೀಳುತ್ತದೆ.

5. ಸೆನ್ಸರ್, ಮೆಗಾಪಿಕ್ಸೆಲ್, ಐಎಸ್‌ಒ

ಬೆಳಕು ಕೊನೆಗೆ ಬೀಳೋದು ಸೆನ್ಸರ್ ಮೇಲೆ. ಫುಲ್ ಫ್ರೇಮ್ ಅಂದರೆ 36 ಎಂಎಂ ಅಗಲ, 24 ಎಂಎಂ ಎತ್ತರ. ಹಳೇ ಫಿಲ್ಮ್ ರೋಲಿನ ಒಂದು ಫ್ರೇಮಿನಷ್ಟೇ. ನಮ್ಮಲ್ಲಿ ಹೆಚ್ಚು ಜನ ಕೊಳ್ಳೋದು ಎಪಿಎಸ್-ಸಿ, ಅದು ಸುಮಾರು 23.5 ಮತ್ತು 15.6. ವಿಸ್ತೀರ್ಣದಲ್ಲಿ ಅರ್ಧಕ್ಕಿಂತ ಕಡಿಮೆ. ಚಿತ್ರದ ನಡುಭಾಗ ಮಾತ್ರ ಅದರಲ್ಲಿ ಹಿಡಿಯೋದರಿಂದ ಎಲ್ಲಾ ಜೂಮ್ ಆದ ಹಾಗೆ ಕಾಣುತ್ತದೆ. ಇದೇ ಕ್ರಾಪ್ ಫ್ಯಾಕ್ಟರ್. ನಿಕಾನ್, ಸೋನಿಗೆ 1.5, ಕ್ಯಾನನ್‌ಗೆ 1.6. ಮಾಗಡಿ ಕೆರೆಯಲ್ಲಿ 300 ಎಂಎಂ ಹಾಕಿದರೆ ಫುಲ್ ಫ್ರೇಮಿನ 450ರಷ್ಟು ಕಾಣುತ್ತದೆ. ಹಕ್ಕಿ ತೆಗೆಯೋರಿಗೆ ಇದು ಲಾಭವೇ.

ಈಗ ಆ ಮೆಗಾಪಿಕ್ಸೆಲ್ ಪ್ರಶ್ನೆ. 24 ಮೆಗಾಪಿಕ್ಸೆಲ್ ಅಂದರೆ ಅಡ್ಡ 6000, ಉದ್ದ 4000 ಚುಕ್ಕೆಗಳು. ಇಂಚಿಗೆ 300 ಚುಕ್ಕೆಯಂತೆ 12 ಇಂಚು 8 ಇಂಚಿನ ಒಳ್ಳೆ ಪ್ರಿಂಟ್ ಹಾಕಿಸೋಕೆ 9 ಮೆಗಾಪಿಕ್ಸೆಲ್ ಕೂಡ ಬೇಡ. ವಾಟ್ಸಾಪ್ ಸ್ಟೇಟಸ್‌ಗೆ ಎಷ್ಟು ಬೇಕು ಅಂತ ನೀವೇ ಲೆಕ್ಕ ಹಾಕಿ.

ಐಎಸ್‌ಒ 100, 200, 400, 800, 1600, 3200, 6400. ಮತ್ತೆ ಅದೇ ಸ್ಟಾಪುಗಳ ಸಾಲು. ಇದನ್ನು ಏರಿಸಿದರೆ ಹೊರಗಿನಿಂದ ಬರುವ ಬೆಳಕು ಜಾಸ್ತಿ ಆಗೋದಿಲ್ಲ. ಬಂದಷ್ಟು ಬೆಳಕಿನ ಸಿಗ್ನಲನ್ನೇ ಹಿಗ್ಗಿಸುತ್ತದೆ. ಕಡಿಮೆ ಬೆಳಕಿನಲ್ಲಿ ಹಾಗೆ ಹಿಗ್ಗಿಸಿದಾಗ ಕಾಣುವ ಕಾಳುಕಾಳಾದ ಚುಕ್ಕೆಗಳಿಗೆ ನಾಯ್ಸ್ ಅನ್ನುತ್ತಾರೆ. ಈ ನಾಯ್ಸ್ ಬಗ್ಗೆ ಜನಕ್ಕಿರುವ ಹೆದರಿಕೆ ನನಗೆ ಅರ್ಥವೇ ಆಗೋದಿಲ್ಲ. ಯಾರೋ "800 ದಾಟಬೇಡ" ಅಂದಿರುತ್ತಾರೆ, ಇವರು ಅದನ್ನೇ ಹಿಡಿದು ಎಲ್ಲಾ ಫೋಟೋ ಶೇಕ್ ಮಾಡಿಕೊಂಡು ಬರುತ್ತಾರೆ. ಕಾಳುಕಾಳಾದ ಸ್ಪಷ್ಟ ಫೋಟೋ ಆಲ್ಬಮ್‌ಗೆ ಹೋಗುತ್ತದೆ. ನುಣುಪಾದ ಶೇಕ್ ಫೋಟೋ ಡಿಲೀಟ್ ಆಗುತ್ತದೆ. ಬೇಕಾದಾಗ ಧೈರ್ಯವಾಗಿ ಏರಿಸಿ.

6. ಮೂರನ್ನೂ ಕೂಡಿಸಿ ಲೆಕ್ಕ

ಅಪರ್ಚರ್, ಶಟರ್, ಐಎಸ್‌ಒ ಮೂರೂ ಸ್ಟಾಪ್ ಲೆಕ್ಕದಲ್ಲೇ ಇರೋದರಿಂದ ಒಂದರಲ್ಲಿ ಕಳೆದದ್ದನ್ನು ಇನ್ನೊಂದರಲ್ಲಿ ಕೂಡಿಸಬಹುದು. ಇದೇ ಎಕ್ಸ್‌ಪೋಶರ್. ಸಂಜೆ ಧಾರವಾಡದ ಸಾಧನಕೇರಿಯಲ್ಲಿ ಮಗು ಓಡಾಡುತ್ತಿದೆ ಅಂದುಕೊಳ್ಳಿ. ಕ್ಯಾಮೆರಾ ಎಫ್ 5.6, 1/30, ಐಎಸ್‌ಒ 400 ತೋರಿಸುತ್ತಿದೆ. 1/30ಕ್ಕೆ ಮಗು ನಿಲ್ಲೋದಿಲ್ಲ, 1/250 ಬೇಕು. 30ರಿಂದ 60, 125, 250: ಮೂರು ಸ್ಟಾಪ್ ಬೆಳಕು ಹೋಯಿತು. ಲೆನ್ಸ್ 5.6ಕ್ಕಿಂತ ತೆರೆಯೋದಿಲ್ಲ. ಉಳಿದದ್ದು ಐಎಸ್‌ಒ. 400ರಿಂದ 800, 1600, 3200. ಮೂರು ಸ್ಟಾಪ್ ವಾಪಸ್ ಬಂತು. ಲೆಕ್ಕ ಸರಿಹೋಯಿತು.

ಬೆಳಕು ಅಳೆಯುವ ಮೀಟರ್ ಇಲ್ಲದೆಯೂ ಅಂದಾಜು ಮಾಡೋಕೆ ಫಿಲ್ಮ್ ಕಾಲದ ಒಂದು ಸೂತ್ರ ಇದೆ. ಮೋಡವಿಲ್ಲದ ಪೂರ್ತಿ ಬಿಸಿಲಿನಲ್ಲಿ ಎಫ್ 16 ಇಟ್ಟು, ಐಎಸ್‌ಒ ಎಷ್ಟೋ ಶಟರ್‌ನ ಕೆಳಗಿನ ಅಂಕಿಯೂ ಅಷ್ಟೇ ಇಡಿ. ಐಎಸ್‌ಒ 100 ಆದರೆ 1/100. ನಮ್ಮ ಏಪ್ರಿಲ್ ಬಿಸಿಲಿಗೆ ಇದು ಚೆನ್ನಾಗಿ ಹೊಂದುತ್ತದೆ, ಒಮ್ಮೆ ಪರೀಕ್ಷೆ ಮಾಡಿ ನೋಡಿ.

7. ಮೀಟರ್, ಹತ್ತಿ ಮತ್ತು ಎರೆ ಮಣ್ಣು

ಕ್ಯಾಮೆರಾ ಒಳಗಿನ ಮೀಟರ್‌ಗೆ ಬೆಳಕು ಅಳೆಯೋಕೆ ಬರುತ್ತದೆ, ಎದುರಿಗಿರೋದು ಏನು ಅಂತ ಸರಿಯಾಗಿ ಗೊತ್ತಿರೋದಿಲ್ಲ. ಎಲ್ಲವೂ ಸರಾಸರಿ ಮಧ್ಯಮ ಬೂದು ಅಂದುಕೊಂಡು ಲೆಕ್ಕ ಹಾಕುತ್ತದೆ. ಹೊಲದಲ್ಲಿ ಹತ್ತಿ ಬಿಡಿಸಿ ಹಾಕಿದ ರಾಶಿ ಇದ್ದರೆ ಅದನ್ನೇ ಚೌಕಟ್ಟು ತುಂಬಾ ತುಂಬಿಸಿ ಒಂದು ಫೋಟೋ ತೆಗೆಯಿರಿ. ಪಕ್ಕದ ಎರೆ ಮಣ್ಣನ್ನು ಹಾಗೆಯೇ ತುಂಬಿಸಿ ಇನ್ನೊಂದು ತೆಗೆಯಿರಿ. ಬಿಳಿ ಹತ್ತಿ ಕೊಳೆಯಾದ ಹಾಗೆ ಬೂದಾಗಿ ಬರುತ್ತದೆ, ಕಪ್ಪು ಎರೆಯೂ ತೆಳುವಾಗಿ ಬೂದಾಗಿ ಬರುತ್ತದೆ. ಇದಕ್ಕೇ ಎಕ್ಸ್‌ಪೋಶರ್ ಕಾಂಪನ್ಸೇಶನ್ ಅಂತ, ಕೂಡಿಸು ಕಳೆ ಗುರುತಿನ ಬಟನ್ ಇರೋದು. ಹತ್ತಿಗೆ ಕೂಡಿಸು ಒಂದು, ಎರೆಗೆ ಕಳೆ ಒಂದು. ಬಿಳಿಗೆ ಕೂಡಿಸು, ಕಪ್ಪಿಗೆ ಕಳೆ. ಕೇಳೋಕೆ ಉಲ್ಟಾ ಅನಿಸಿದರೂ ಅದೇ ಸರಿ. ಬಿಳಿ ಧೋತರ, ಟೋಪಿ ಹಾಕಿದ ಅಜ್ಜಂದಿರ ಗುಂಪು ತೆಗೆಯುವಾಗಲೂ ಇದೇ.

ಮೀಟರ್ ಎಲ್ಲಿ ನೋಡಿ ಅಳೆಯಬೇಕು ಅಂತಲೂ ಹೇಳಬಹುದು. ಇಡೀ ಚೌಕಟ್ಟು ನೋಡೋದು ನಿಕಾನ್‌ನಲ್ಲಿ ಮ್ಯಾಟ್ರಿಕ್ಸ್, ಕ್ಯಾನನ್‌ನಲ್ಲಿ ಇವ್ಯಾಲ್ಯುಯೇಟಿವ್. ಒಂದು ಚುಕ್ಕೆಯಷ್ಟು ಜಾಗ ಮಾತ್ರ ನೋಡೋದು ಸ್ಪಾಟ್. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಲಕ್ಕುಂಡಿಯ ಬ್ರಹ್ಮ ಜಿನಾಲಯದ ಒಳಗೆ ನಿಂತಾಗ ಸ್ಪಾಟ್ ಕೆಲಸಕ್ಕೆ ಬರುತ್ತದೆ. ಬಾಗಿಲಿನಿಂದ ಬರುವ ಬಿಸಿಲು ಮೀಟರನ್ನು ದಾರಿ ತಪ್ಪಿಸಿ ಒಳಗಿನ ಕಂಬಗಳನ್ನು ಕಪ್ಪಾಗಿಸುತ್ತದೆ. ಸ್ಪಾಟ್ ಇಟ್ಟು ಕಂಬದ ಮೇಲೆ ಅಳೆಯಿರಿ. ಅಲ್ಲಿ ಎದುರಿನಿಂದ ಫ್ಲ್ಯಾಷ್ ಮಾತ್ರ ಹೊಡೆಯಬೇಡಿ. ಕೆತ್ತನೆ ಕಾಣೋದು ಪಕ್ಕದಿಂದ ಬೀಳುವ ಬೆಳಕಿನ ನೆರಳಿನಲ್ಲಿ. ಎದುರಿನ ಫ್ಲ್ಯಾಷ್ ಆ ನೆರಳನ್ನೇ ತಿಂದುಹಾಕುತ್ತದೆ.

ಫೋಟೋ ತೆಗೆದ ಮೇಲೆ ಪರದೆ ನೋಡಿ ಬೆಳಕು ಸರಿ ಇದೆ ಅಂತ ತೀರ್ಮಾನ ಮಾಡಬೇಡಿ. ಬಿಸಿಲಿನಲ್ಲಿ ಪರದೆ ಮಂಕು, ರಾತ್ರಿ ಅದೇ ಪರದೆ ಹೊಳಪು. ಹಿಸ್ಟೋಗ್ರಾಮ್ ನೋಡಿ, ಅಂದರೆ ಫೋಟೋದಲ್ಲಿ ಕಪ್ಪು ಎಷ್ಟು, ಬಿಳಿ ಎಷ್ಟು ಅಂತ ಕ್ಯಾಮೆರಾ ತೋರಿಸುವ ಗ್ರಾಫ್. ಎಡಗಡೆ ಕಪ್ಪು, ಬಲಗಡೆ ಬಿಳಿ, ಗುಡ್ಡ ಎಲ್ಲಿ ಎದ್ದಿದೆಯೋ ಅಲ್ಲಿ ಚಿತ್ರದ ಹೆಚ್ಚು ಭಾಗ ಇದೆ ಅಂತ. ಗುಡ್ಡ ಬಲಗೋಡೆಗೆ ಗುದ್ದಿ ನಿಂತಿದ್ದರೆ ಅಲ್ಲಿನ ವಿವರ ಹೋಯಿತು, ಯಾವ ಆ್ಯಪ್‌ನಲ್ಲೂ ವಾಪಸ್ ಬರೋದಿಲ್ಲ.

ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಸುಗ್ಗಿಯಲ್ಲಿ ಹೋಗೋರು ಇದನ್ನು ಇನ್ನೊಂದು ಹೆಜ್ಜೆ ಮುಂದೆ ತಿಳಿದಿರಬೇಕು. ಅಲ್ಲಿ ಎಲ್ಲರ ದೂರು ಒಂದೇ. ಕಣ್ಣಿಗೆ ಕಾಯಿಯ ಸುಕ್ಕು ಸುಕ್ಕೂ ಕಾಣುತ್ತದೆ, ಫೋಟೋದಲ್ಲಿ ಮಾತ್ರ ಕೆಂಪು ಬಣ್ಣ ಬಳಿದ ಹಾಗೆ ಚಪ್ಪಟೆ. ಕಾರಣ ಸೆನ್ಸರ್ ಕಟ್ಟಿರುವ ರೀತಿಯಲ್ಲಿದೆ. ಸೆನ್ಸರ್‌ನ ಚುಕ್ಕೆಗಳಿಗೆ ಬಣ್ಣ ಗೊತ್ತಾಗೋದಿಲ್ಲ. ಅದಕ್ಕೇ ಮೇಲೆ ಬಣ್ಣದ ಜಾಲರಿ ಹಾಕಿರುತ್ತಾರೆ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಅದು. ಅರ್ಧ ಚುಕ್ಕೆಗಳಿಗೆ ಹಸಿರು, ಕಾಲು ಭಾಗಕ್ಕೆ ಕೆಂಪು, ಕಾಲು ಭಾಗಕ್ಕೆ ನೀಲಿ. 24 ಮೆಗಾಪಿಕ್ಸೆಲ್‌ನಲ್ಲಿ ಕೆಂಪು ನೋಡೋದು 6 ಮಾತ್ರ. ಮೆಣಸಿನಕಾಯಿ ರಾಶಿಯಲ್ಲಿ ಆ ಕೆಂಪು ಚುಕ್ಕೆಗಳೇ ಮೊದಲು ತುಂಬಿ ತುಳುಕುತ್ತವೆ. ಹಸಿರು ನೀಲಿ ಖಾಲಿ ಇರೋದರಿಂದ ಸಾಮಾನ್ಯ ಹಿಸ್ಟೋಗ್ರಾಮ್ ಮಾತ್ರ ಎಲ್ಲಾ ಸರಿ ಅಂತಲೇ ತೋರಿಸುತ್ತದೆ. ಹಾಗಾಗಿ ಮೂರು ಬಣ್ಣದ ಹಿಸ್ಟೋಗ್ರಾಮ್ ಆನ್ ಮಾಡಿ, ಕೆಂಪು ಗುಡ್ಡ ಬಲಗೋಡೆ ಮುಟ್ಟದ ಹಾಗೆ ಕಳೆ ಒಂದು ಅಥವಾ ಇನ್ನೂ ಕೆಳಗೆ ಇಡಿ. ಪಿಕ್ಚರ್ ಸ್ಟೈಲ್ 'ವಿವಿಡ್' ಇದ್ದರೆ ತೆಗೆದುಹಾಕಿ, ಅದು ಇದ್ದ ಕೆಂಪನ್ನು ಇನ್ನೂ ಕೆರಳಿಸುತ್ತದೆ. ಕರವಸ್ತ್ರ ಮೂಗಿಗೆ ಕಟ್ಟಿಕೊಂಡು ಹೋಗಿ, ಸೀನಿದರೆ 1/1000 ಶಟರ್ ಕೂಡ ಕಾಪಾಡೋದಿಲ್ಲ.

8. ಮೋಡ್ ಡಯಲ್

ಹಸಿರು ಆಟೋ ಎಲ್ಲವನ್ನೂ ತಾನೇ ಮಾಡುತ್ತದೆ. ಪಿ ಕೂಡ ಹೆಚ್ಚೂಕಡಿಮೆ ಹಾಗೆಯೇ. ಎ ಅಥವಾ ಎವಿಯಲ್ಲಿ ಅಪರ್ಚರ್ ನಿಮ್ಮದು, ಶಟರ್ ಕ್ಯಾಮೆರಾದ್ದು. ಎಸ್ ಅಥವಾ ಟಿವಿಯಲ್ಲಿ ಶಟರ್ ನಿಮ್ಮದು. ಎಂನಲ್ಲಿ ಎಲ್ಲಾ ನಿಮ್ಮದೇ. "ಮ್ಯಾನುಯಲ್‌ನಲ್ಲೇ ತೆಗೀಬೇಕು, ಇಲ್ಲಾಂದ್ರೆ ಅದು ಫೋಟೋಗ್ರಫಿನೇ ಅಲ್ಲ" ಅನ್ನೋರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಮೋಡ ಬಂದು ಹೋಗುವ ಮಳೆಗಾಲದಲ್ಲಿ ಎಂ ಇಟ್ಟುಕೊಂಡು ಡಯಲ್ ತಿರುಗಿಸುತ್ತಾ ಕೂತರೆ ಎದುರಿಗಿದ್ದ ಘಟನೆ ಮುಗಿದಿರುತ್ತದೆ. ಮೊದಲ ಕೆಲವು ತಿಂಗಳು ಎ ಮೋಡ್, ಆಟೋ ಐಎಸ್‌ಒ, ಕಾಂಪನ್ಸೇಶನ್ ಬಟನ್. ಇಷ್ಟು ಸಾಕು. ಆಟೋ ಐಎಸ್‌ಒ ಮೆನುವಿನಲ್ಲಿ ಕನಿಷ್ಠ ಶಟರ್ ಸ್ಪೀಡ್ ಇಡುವ ಸೌಲಭ್ಯ ಇದ್ದರೆ 1/250 ಹಾಕಿಬಿಡಿ. ಫ್ಲ್ಯಾಷ್, ರಾತ್ರಿ, ಟ್ರೈಪಾಡ್ ಇದ್ದಾಗ ಎಂ ಚೆನ್ನಾಗಿ ಒಗ್ಗುತ್ತದೆ.

9. ಫೋಕಸ್

ಶಟರ್ ಬಟನ್‌ಗೆ ಎರಡು ಹಂತ ಇದೆ. ಅರ್ಧ ಒತ್ತಿದರೆ ಫೋಕಸ್, ಪೂರ್ತಿ ಒತ್ತಿದರೆ ಕ್ಲಿಕ್. ಒಂದೇ ಏಟಿಗೆ ಕುಕ್ಕಿದರೆ ಫೋಕಸ್ ಆಗುವಷ್ಟು ಸಮಯ ಸಿಗೋದಿಲ್ಲ, ಕೈಯೂ ಅಲುಗುತ್ತದೆ. ನಿಂತ ವಸ್ತುಗಳಿಗೆ ಎಎಫ್-ಎಸ್, ಕ್ಯಾನನ್‌ನಲ್ಲಿ ಒನ್ ಶಾಟ್. ಓಡುವುದಕ್ಕೆ ಎಎಫ್-ಸಿ, ಕ್ಯಾನನ್‌ನಲ್ಲಿ ಸರ್ವೋ. ಫೋಕಸ್ ಚುಕ್ಕೆಯನ್ನು ಕ್ಯಾಮೆರಾಕ್ಕೆ ಬಿಡಬೇಡಿ. ಹತ್ತಿರದ್ದು ಏನಿದೆಯೋ ಅದಕ್ಕೇ ಅಂಟಿಕೊಳ್ಳುವ ಚಟ ಅದಕ್ಕೆ. ನೀವೇ ಆರಿಸಿ, ಮುಖ ಆದರೆ ಕಣ್ಣಿನ ಮೇಲೆ ಇಡಿ.

ಹಾವೇರಿಯ ಏಲಕ್ಕಿ ಹಾರದ ಒಂದೊಂದು ಕಾಯಿ ತುಂಬಿ ಬರಲಿ ಅಂತ ತೀರಾ ಹತ್ತಿರ ಹೋದರೆ ಕ್ಯಾಮೆರಾ ಕ್ಲಿಕ್ಕೇ ಆಗೋದಿಲ್ಲ. ಪ್ರತಿ ಲೆನ್ಸಿಗೂ ಕನಿಷ್ಠ ಫೋಕಸ್ ದೂರ ಅಂತ ಇದೆ, ಕಿಟ್ ಲೆನ್ಸಿಗೆ ಸಾಮಾನ್ಯವಾಗಿ 25 ಸೆಂ.ಮೀ. ಸುಮಾರು. ಅಳೆಯೋದು ಲೆನ್ಸಿನ ಮೂತಿಯಿಂದ ಅಲ್ಲ. ಬಾಡಿಯ ಮೇಲೆ ಉರುಟಿನ ನಡುವೆ ಗೆರೆ ಎಳೆದ ಒಂದು ಚಿಕ್ಕ ಗುರುತು ಇರುತ್ತದೆ ನೋಡಿ, ಸೆನ್ಸರ್ ಇರೋದು ಅಲ್ಲಿ, ಅಳತೆ ಅಲ್ಲಿಂದ.

10. ವೈಟ್ ಬ್ಯಾಲೆನ್ಸ್, ರಾ, ಮತ್ತೆ ಉಳಿದ ಚಿಲ್ಲರೆ

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಎಣ್ಣೆ ದೀಪ 2000ದ ಆಸುಪಾಸು, ಹಳೇ ಹಳದಿ ಬಲ್ಬು 2800, ಮಧ್ಯಾಹ್ನದ ಬಿಸಿಲು 5500, ನೆರಳು 7000ಕ್ಕೂ ಮೇಲೆ. ಆ ಬಣ್ಣಕ್ಕೆ ತಕ್ಕ ಹಾಗೆ ಸರಿಪಡಿಸಿ ಬಿಳಿಯನ್ನು ಬಿಳಿಯಾಗಿ ತೋರಿಸೋದೇ ವೈಟ್ ಬ್ಯಾಲೆನ್ಸ್. ಆಟೋ ವೈಟ್ ಬ್ಯಾಲೆನ್ಸ್ ಹಗಲಿಗೆ ಸಾಕು. ದೀಪಾವಳಿಯ ಹಣತೆ ತೆಗೆಯುವಾಗ ಮಾತ್ರ ಡೇಲೈಟ್‌ಗೆ ಇಡಿ, ಇಲ್ಲದಿದ್ದರೆ ಕ್ಯಾಮೆರಾ ಆ ಬೆಚ್ಚನೆ ಹಳದಿಯನ್ನು ತೊಳೆದುಹಾಕಬಹುದು.

ಜೆಪೆಗ್ ಅಂದರೆ ಕ್ಯಾಮೆರಾನೇ ಸಿದ್ಧ ಮಾಡಿ ಕೊಡುವ ಫೋಟೋ ಫೈಲು, ರಾ ಅಂದರೆ ಸೆನ್ಸರ್ ಹಿಡಿದದ್ದು ಹಾಗೆಯೇ ಇರುವ, ಆಮೇಲೆ ನಾವು ಎಡಿಟ್ ಮಾಡಬೇಕಾದ ಫೈಲು. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮಟ್ಟ, 14 ಬಿಟ್ ರಾ ಫೈಲಿನಲ್ಲಿ 16,384. ಮೆಣಸಿನಕಾಯಿ, ಗುಡಿಯ ಕತ್ತಲು, ಮದುವೆ ಮನೆ ಇಂಥ ಕಡೆ ರಾ ಇಡಿ. ಅಣ್ಣನ ಮಗನ ಬರ್ತ್‌ಡೇಗೆ ಜೆಪೆಗ್ ಸಾಕು, ರಾ ಎಡಿಟ್ ಮಾಡುತ್ತಾ ಕೂರೋರು ಯಾರು?

ವ್ಯೂಫೈಂಡರ್ ಪಕ್ಕದ ಪುಟ್ಟ ಚಕ್ರ ಡಯೋಪ್ಟರ್. ಕನ್ನಡಕದವರು ಒಳಗಿನ ಅಂಕಿಗಳು ಸ್ಪಷ್ಟ ಕಾಣುವವರೆಗೆ ತಿರುಗಿಸಿಕೊಳ್ಳಿ. ತಲೆಯ ಮೇಲಿನ ಲೋಹದ ಜಾರು ಹಾಟ್ ಶೂ, ಫ್ಲ್ಯಾಷ್ ಸಿಕ್ಕಿಸೋಕೆ. ಕೆಳಗಿನ ತಿರುಪಿನ ತೂತು ಟ್ರೈಪಾಡ್‌ಗೆ. ಲಕ್ಕುಂಡಿಯಂಥ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಹಾಕೋಕೆ ಅನುಮತಿ ಬೇಕು. ಕಾರ್ಡನ್ನು ಕಂಪ್ಯೂಟರಿನಲ್ಲಿ ಅಲ್ಲ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಹುಬ್ಬಳ್ಳಿಯ ರಂಗಪಂಚಮಿಯಲ್ಲಿ ಲೆನ್ಸ್ ಬದಲಾಯಿಸೋಕೆ ಹೋಗಲೇಬೇಡಿ. ಧಾರವಾಡದ ಮಳೆಗಾಲದಲ್ಲಿ ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಲೆನ್ಸಿನೊಳಗೆ ಬೂಸು ಬೆಳೆಯುತ್ತದೆ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಅಷ್ಟೇ ಖರ್ಚು.

11. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಲೆನ್ಸ್ ಬಿಚ್ಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಸು, ಬೇಡ ಅನ್ನಿ. ಒಂದೆರಡು ಧೂಳಿನ ಕಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎಫ್ 16 ಇಟ್ಟು ಬರೀ ಆಕಾಶದ ಫೋಟೋ ತೆಗೆಯಿರಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಾಣುವ ಬೂದು ಚುಕ್ಕೆ ಸೆನ್ಸರ್ ಮೇಲಿನ ಧೂಳು, ಅದು ಕ್ಲೀನ್ ಆಗುತ್ತದೆ. ಲೆನ್ಸ್ ಮುಚ್ಚಿ ಒಂದು ಕಪ್ಪು ಫೋಟೋ ತೆಗೆಯಿರಿ, ಹೊಳೆಯುವ ಚುಕ್ಕೆಗಳಿದ್ದರೆ ಅವು ಕೆಟ್ಟ ಪಿಕ್ಸೆಲ್. 1/1000ದಿಂದ ಒಂದು ಸೆಕೆಂಡಿನವರೆಗೆ ಎಲ್ಲಾ ಶಟರ್ ಸ್ಪೀಡಿನಲ್ಲೂ ಒಂದೊಂದು ಕ್ಲಿಕ್ ಮಾಡಿ ಸದ್ದು ಕೇಳಿ. ಶಟರ್ ಕೌಂಟ್, ಅಂದರೆ ಇಲ್ಲಿವರೆಗೆ ಎಷ್ಟು ಕ್ಲಿಕ್ ಆಗಿದೆ ಅಂತ ಕೇಳಿ. ಮದುವೆ ಫೋಟೋಗ್ರಾಫರ್ ಕೈಯಲ್ಲಿದ್ದ ಬಾಡಿ ಲಕ್ಷ ದಾಟಿರಬಹುದು. ಹಳೇ ಬಿಲ್ಲು, ಮೂಲ ಚಾರ್ಜರ್ ಎರಡೂ ಕೈಗೆ ಬಂದ ಮೇಲೆ ದುಡ್ಡು ಕೊಡಿ.